ಹೆರ್ಮನ್ ಮೊಗ್ಲಿಂಗ್ ಅಯ್ಯನವರ ಚರಿತ್ರೆಯೂ ನಮ್ಮ ಗ್ರಾಮಸಭೆಗಳೂ

ಕೃಷ್ಣಾನದಿಯ ಈಚೆ ದಂಡೆಯ ಒಂದು ಗ್ರಾಮಕ್ಕೆ ನಾವು ಸುಗ್ಗಿಯ ಸ್ತೋತ್ರಾರಾಧನೆಗೆಂದು ಹೋಗಿದ್ದೆವು. ಸಭೆಯು ಚಿಕ್ಕದು, ಇಪ್ಪತ್ತು ಮನೆಗಳೂ ಇಲ್ಲ. ಆದರೂ ಜನರು ಹೊಸ ಜೋಳದ ತೆನೆ, ಕಬ್ಬಿನ ಗಣಿಕೆ, ಒಂದು ಬುಟ್ಟಿ ಶೇಂಗಾ, ಒಂದೆರಡು ಕೋಳಿ ಇವುಗಳನ್ನು ತಂದು ಮೇಜಿನ ಮುಂದೆ ಇಟ್ಟಿದ್ದರು. ಕೀರ್ತನೆಗಳನ್ನು ಮನಸ್ಸಿಟ್ಟು ಹಾಡಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣೀರು ಸುರಿಸಿದವರೂ ಇದ್ದರು. ಆರಾಧನೆಯು ಮುಗಿದ ಮೇಲೆ ಊಟಕ್ಕೆ ಎಲೆ ಹಾಕಿದರು. ಆಗ ಪಂಕ್ತಿಗಳು ಎರಡಾದವು. ಯಾರೂ ಅಪ್ಪಣೆ ಕೊಡಲಿಲ್ಲ, ಯಾರೂ ಗದರಿಸಲಿಲ್ಲ. ಹಿಂದೆ ಒಂದು ಕೇರಿಯಲ್ಲಿದ್ದವರ ಮಕ್ಕಳು ಗೋಡೆಯ ಮಗ್ಗುಲಿಗೂ, ಇನ್ನೊಂದು ಕೇರಿಯಲ್ಲಿದ್ದವರ ಮಕ್ಕಳು ಬೇವಿನ ಮರದ ಕೆಳಗೂ, ನೀರು ತಗ್ಗಿಗೆ ಹರಿಯುವಂತೆ ತಾವಾಗಿಯೇ ಹೋಗಿ ಕುಳಿತರು. ಒಬ್ಬ ಮುದಿತಾಯಿಯು ನಮ್ಮ ಕೈಗೆ ನೀರಿನ ಚರಿಗೆಯನ್ನು ಕೊಟ್ಟು, ಅಯ್ಯನವರು ಯಾವ ಪಂಕ್ತಿಯಲ್ಲಿ ಕೂಡ್ರುವಿರೆಂದು ಸಹಜವಾಗಿಯೇ ವಿಚಾರಿಸಿದಳು. ನಮಗೆ ಉತ್ತರವು ಹೊಳೆಯಲಿಲ್ಲ. ತಲೆನೋವಿನ ನೆವ ಹೇಳಿ ಊಟ ಮಾಡದೆ ಹೊರಟುಬಂದೆವು. ಆ ತಾಯಿಯ ಪ್ರಶ್ನೆಗೆ ತಲೆನೋವು ಉತ್ತರವಾಗಲಾರದೆಂಬದು ದಾರಿಯಲ್ಲಿ ನಮಗೆ ತಿಳಿದು ಬಹಳ ನಾಚಿಕೆಯಾಯಿತು.

ಆ ರಾತ್ರಿ ನಮ್ಮ ನೆನಪಿಗೆ ಬಂದವರು ಹೆರ್ಮನ್ ಮೊಗ್ಲಿಂಗ್ ಅಯ್ಯನವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯ ನಮ್ಮ ಜನರಿಗೆ ಮೀರಜದ ವಾನ್ಲೆಸ್ ಡಾಕ್ಟರರ ಹೆಸರು ಗೊತ್ತುಂಟು. 1894ರಲ್ಲಿ ಅವರು ತೆರೆದ ದವಾಖಾನೆಗೆ ನಮ್ಮ ಅಜ್ಜ ಅಜ್ಜಿಯರು ಬಂಡಿ ಕಟ್ಟಿಕೊಂಡು ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರು. 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಅಯ್ಯನವರ ಹೆಸರನ್ನು ಹಿರಿಯರು ಕೆಲವರು ಬಲ್ಲರು. ಆದರೆ ಮೊಗ್ಲಿಂಗರ ಹೆಸರು ನಮ್ಮಲ್ಲಿ ಕೇಳಿಬರುವದು ಅಪರೂಪ. ವರ್ಷಕ್ಕೊಮ್ಮೆ ಜುಲೈ 1ರಂದು ಪತ್ರಿಕೆಯವರು ಅವರ ಭಾವಚಿತ್ರಕ್ಕೆ ಹೂವಿನ ಮಾಲೆ ಹಾಕುತ್ತಾರೆ. ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರು ಅವರೆಂಬದೇ ಅದಕ್ಕೆ ಕಾರಣ. ಆ ಮಾನವು ಅವರಿಗೆ ಸಲ್ಲತಕ್ಕದ್ದೇ. ಆದರೂ ಸಭೆಯನ್ನು ಕಟ್ಟುವ ಕೆಲಸದಲ್ಲಿ ಅವರು ಪಟ್ಟ ಪಾಡು, ಕಂಡ ಸೋಲು, ಬಿಡದೆ ಹಿಡಿದ ಹಟ, ಇವು ಪತ್ರಿಕೆಗಿಂತಲೂ ನಮ್ಮಂಥ ಗ್ರಾಮದವರಿಗೆ ಹೆಚ್ಚು ಬೇಕಾದವುಗಳಾಗಿವೆ.

ಇವರು ಜರ್ಮನ್ ದೇಶದ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ 1811ನೇ ಮೇ ತಿಂಗಳ 29ನೇ ತಾರೀಖಿನಲ್ಲಿ ಹುಟ್ಟಿದರು. ತಂದೆಯು ಶಾಲಾ ಉಪಾಧ್ಯಾಯ. ಆ ಸೀಮೆಯಲ್ಲಿ ಒಂದು ಹಳೇ ವಾಡಿಕೆಯುಂಟು: ಆದಿತ್ಯವಾರದ ಆರಾಧನೆಯು ಒಂದು ಕಡೆ, ಅದಲ್ಲದೆ ಒಕ್ಕಲಿಗರೂ ನೇಕಾರರೂ ಚಮ್ಮಾರರೂ ಸಾಯಂಕಾಲ ಒಬ್ಬರ ಮನೆಯಲ್ಲಿ ಕೂಡಿ, ಪಾದ್ರಿಯನ್ನು ಕಾಯದೆ, ತಾವೇ ವೇದವನ್ನೋದಿ ಮಾತಾಡಿಕೊಳ್ಳುವರು. ಓದಿದವನ ಮಗ್ಗುಲಿಗೆ ಓದದವನು ಕುಳಿತು ಮಾತಾಡುವ ಈ ಮನೆಕೂಟಗಳ ಗಾಳಿಯು ಬಾಸೆಲ್ ಮಿಶನ್ನಿಗೆ ಹೋದ ಆ ಸೀಮೆಯ ಹುಡುಗರೆಲ್ಲರಿಗೂ ತಾಕಿತ್ತು. ಮೊಗ್ಲಿಂಗರು ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ದೇವಜ್ಞಾನವನ್ನು ಕಲಿತರು. ಆ ಕಾಲದಲ್ಲಿ ಅಂಥ ವಿದ್ಯೆಯುಳ್ಳವನಿಗೆ ಸ್ವದೇಶದಲ್ಲಿ ಒಳ್ಳೇ ಸಭೆಯೂ ಒಳ್ಳೇ ಮನೆಯೂ ಸಂಬಳವೂ ಕಾದಿದ್ದವು. ಅವರು ಅದನ್ನೆಲ್ಲಾ ಬಿಟ್ಟು 1836ರಲ್ಲಿ ಮಂಗಳೂರಿಗೆ ಬಂದಿಳಿದರು. ಬಾಸೆಲ್ ಮಿಶನ್ನಿನ ಮೊದಲಿನ ಮೂವರಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು ಅಲ್ಲಿಗೆ ಮುಟ್ಟಿ ಆಗ ಎರಡೇ ವರ್ಷಗಳಾಗಿದ್ದವು.

ಭಾಷೆಯನ್ನು ಕಲಿಯುವದರಲ್ಲಿ ಅವರಿಗಿದ್ದ ಶ್ರದ್ಧೆಯು ದೊಡ್ಡದು. ಬೇಗನೆ ಘಟ್ಟವನ್ನು ಹತ್ತಿ ಧಾರವಾಡ, ಹುಬ್ಬಳ್ಳಿಗಳ ಸೀಮೆಗೆ ಬಂದರು. ನಮ್ಮ ಬೆಳಗಾವಿ ಜಿಲ್ಲೆಗೆ ಅವರು ಅತಿ ಸಮೀಪವಾಗಿದ್ದ ಕಾಲವು ಇದೇ. ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಆ ಸೀಮೆಯಲ್ಲಿ ಕಾಲಜ್ಞಾನದವರೆಂಬ ಒಂದು ಪಂಗಡವಿತ್ತು. ಮುಂದೆ ಬರತಕ್ಕ ಕಾಲದ ವಿಷಯವಾಗಿ ತಾಳೆಗರಿಗಳಲ್ಲಿ ಬರೆದಿಟ್ಟ ಮಾತುಗಳನ್ನು ಇವರು ನಂಬಿಕೊಂಡು, ಒಬ್ಬ ರಾಜನು ಬಂದು ಲೋಕವನ್ನು ಸರಿಪಡಿಸುವನೆಂದು ಕಾಯುತ್ತಿದ್ದರು. ಮಿಶನರಿಗಳ ಉಪದೇಶವನ್ನು ಕೇಳಿದಾಗ, ನಾವು ಕಾಯುತ್ತಿದ್ದವನು ಈತನೇ ಇರಬಹುದೆಂದು ಅನೇಕರು ಬಂದರು. ಗ್ರಾಮಗ್ರಾಮಗಳಿಂದ ಮುಖಂಡರು ಬಂದು ಮಾತಾಡಿದರು. ಸಾವಿರಗಟ್ಟಲೆ ಜನ ಒಟ್ಟಿಗೆ ಸೇರುವರೆಂಬ ಸುದ್ದಿ ಯುರೋಪಿನವರೆಗೂ ಮುಟ್ಟಿತು. ಇವರನ್ನು ಒಂದೇ ಕಡೆ ನೆಲೆಗೊಳಿಸುವದಕ್ಕಾಗಿ ಬೆಟಗೇರಿಯ ಕಡೆಯ ಮಾಲಸಮುದ್ರದಲ್ಲಿ 1841ರಲ್ಲಿ ಭೂಮಿಯನ್ನು ಹಿಡಿದದ್ದೂ ಆಯಿತು. ಆದರೆ ಜನರು ಬರಲಿಲ್ಲ. ಬಂದ ಕೆಲವರೂ ಹೆಚ್ಚು ಕಾಲ ನಿಲ್ಲಲಿಲ್ಲ.

ಇದರಲ್ಲಿ ಯಾರ ತಪ್ಪು? ಕಾಲಜ್ಞಾನದವರು ಮೋಸಗಾರರೆಂದು ಹೇಳುವದು ಸುಲಭ. ನಾವು ಹಾಗೆ ಹೇಳಲಾರೆವು. ಅವರು ಹಸಿದಿದ್ದರು, ಆತ್ಮದ ಹಸಿವೂ ಇತ್ತು, ಹೊಟ್ಟೆಯ ಹಸಿವೂ ಇತ್ತು, ಎರಡನ್ನೂ ಬೇರ್ಪಡಿಸಿ ತೂಗುವ ತಕ್ಕಡಿಯು ಮನುಷ್ಯರ ಕೈಯಲ್ಲಿಲ್ಲ. ತಪ್ಪಿದ್ದರೆ ಅದು ಎಣಿಕೆಯಲ್ಲಿತ್ತು. ಜನರ ಮುಖ ನೋಡುವದಕ್ಕೆ ಮುಂಚೆ ತಲೆಗಳನ್ನು ಎಣಿಸಿದರು. ನಮ್ಮ ಸೀಮೆಯಲ್ಲಿಯೂ ಜನರು ಒಬ್ಬೊಬ್ಬರಾಗಿ ಬಾರದೆ ಕೇರಿಕೇರಿಯಾಗಿ ಬಂದದ್ದುಂಟು. ದೀಕ್ಷಾಸ್ನಾನವಾಯಿತು, ಹೆಸರು ಪಟ್ಟಿಗೆ ಬಂತು, ಸಂಖ್ಯೆಯು ವರದಿಯಲ್ಲಿ ಅಚ್ಚಾಯಿತು. ಆಮೇಲೆ ಆ ಕೇರಿಗೆ ಓದಿಸುವವನಾಗಲಿ ಕಷ್ಟದಲ್ಲಿ ಕೂತು ಮಾತಾಡುವವನಾಗಲಿ ಎಷ್ಟು ತಿಂಗಳ ವರೆಗೆ ಬರಲಿಲ್ಲವೆಂಬದನ್ನು ಯಾವ ವರದಿಯೂ ಬರೆಯಲಿಲ್ಲ. ಕೇರಿಯು ಕೇರಿಯಾಗಿಯೇ ಉಳಿದರೆ ಪಂಕ್ತಿಗಳು ಎರಡಾಗುವದರಲ್ಲಿ ಆಶ್ಚರ್ಯವೇನು?

ಮೊಗ್ಲಿಂಗರು ಈ ಸೋಲಿನಿಂದ ಕಲಿತರೆಂಬದು ಅವರ ಮುಂದಿನ ನಡತೆಯಿಂದ ತಿಳಿಯುತ್ತದೆ. ಮಂಗಳೂರಿಗೆ ಹಿಂದಿರುಗಿ ಅವರು ಹಿಡಿದದ್ದು ಹುಡುಗರ ಶಿಕ್ಷಣವನ್ನು. ಸಾವಿರ ಜನರ ಆಶೆಯನ್ನು ಬಿಟ್ಟು ಕೈಬೆರಳಿನಲ್ಲಿ ಎಣಿಸುವಷ್ಟು ಹುಡುಗರನ್ನು ತಮ್ಮ ಬಳಿಯಲ್ಲಿ ಇಟ್ಟುಕೊಂಡರು. ಒಂದೇ ಆವರಣದಲ್ಲಿ ಅವರೊಂದಿಗೆ ವಾಸಿಸಿದರು, ಅವರೊಂದಿಗೆ ಕುಳಿತು ಉಂಡರು. ಇಂದು ಇದು ದೊಡ್ಡ ಮಾತೆಂದು ತೋರಲಿಕ್ಕಿಲ್ಲ. ಆದರೆ ಆ ದಿನಗಳಲ್ಲಿ ಬಿಳಿಯ ದೊರೆಗಳ ಬಂಗಲೆಯು ಗುಡ್ಡದ ಮೇಲೆ, ಮೆಟ್ಟಿಲುಗಳ ಕೊನೆಯಲ್ಲಿ ಇರುತ್ತಿತ್ತು. ದೇಶೀಯ ಕ್ರೈಸ್ತನು ಕೈಕಟ್ಟಿ ಜಗಲಿಯ ಅಂಚಿನಲ್ಲಿ ನಿಲ್ಲುತ್ತಿದ್ದನು. ಮೀನುಗಾರರ ಮಗ, ಶೇಂದಿ ಇಳಿಸುವವರ ಮಗ, ಬ್ರಾಹ್ಮಣರ ಮಗ, ಜರ್ಮನ್ ಉಪಾಧ್ಯಾಯರ ಮಗ ಇವರೆಲ್ಲರೂ ಒಂದೇ ಅನ್ನದ ಗುಡಾಣದಿಂದ ಬಡಿಸಿಕೊಂಡು ಉಣ್ಣುವದೆಂದರೆ ಊರು ಬೆರಗಾಗಿ ನೋಡುವಂಥಾದ್ದಾಗಿತ್ತು. ಉಪದೇಶಿಗಳನ್ನು ಸಿದ್ಧಪಡಿಸುವ ಶಾಲೆಯು 1847ರಲ್ಲಿ ಬಲ್ಮಠದಲ್ಲಿ ನೆಲೆಗೊಂಡಿತು. ಅದರ ಬೇರಿನಿಂದ ಬೆಳೆದ ದೈವಜ್ಞಾನ ಕಾಲೇಜು ಈಗಲೂ ಮಂಗಳೂರಿನ ಅದೇ ಗುಡ್ಡದ ಮೇಲಿರುತ್ತದೆ.

ಆ ಹುಡುಗರಲ್ಲಿ ಒಬ್ಬನ ಹೆಸರು ಆನಂದರಾಯ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣರ ಮನೆತನ. ಇಂಗ್ಲಿಷ್ ಕಲಿಯಲು ಬಂದವನು ಗುರುವಿನ ಜೀವಿತವನ್ನು ಓದಿಕೊಂಡನು. 1844ನೇ ಜನವರಿ 6ರಂದು ಆತನೂ ಆತನ ಇಬ್ಬರು ಸಂಗಡಿಗರೂ ದೀಕ್ಷಾಸ್ನಾನವನ್ನು ಹೊಂದಿದರು. ಊರಿನಲ್ಲಿ ದೊಡ್ಡ ಗಲಭೆಯಾಯಿತು. ತಂದೆತಾಯಿಗಳ ದುಃಖವನ್ನು ಇಲ್ಲಿ ಹಗುರಾಗಿ ಬರೆಯುವದು ಸರಿಯಲ್ಲ; ಜೀವಂತನಾದ ಮಗನನ್ನು ಸತ್ತವನೆಂದು ಎಣಿಸಬೇಕಾದ ಆ ಮನೆಯ ಗೋಳು ಸಣ್ಣದಲ್ಲ. ಆತನ ಎಳೆಯ ಹೆಂಡತಿಯು ತನ್ನವರ ಬಳಿಯಲ್ಲೇ ಉಳಿದಳು. ಆ ತರುಣನಿಗೆ ಮನೆಯೂ ಇಲ್ಲ, ಕುಲವೂ ಇಲ್ಲ, ಆಸ್ತಿಯೂ ಇಲ್ಲ ಎಂದಾಯಿತು.

ಇಲ್ಲಿಯೇ ಮೊಗ್ಲಿಂಗರ ಗುಣವು ಪರೀಕ್ಷೆಗೆ ಬಂತು. ಒಬ್ಬನನ್ನು ಮನೆಯಿಂದ ಹೊರಗೆ ಕರೆದವನು ಆತನಿಗೆ ಬೇರೊಂದು ಮನೆಯನ್ನು ಕೊಡಬೇಕಲ್ಲವೇ? ಆನಂದರಾಯನು ತನ್ನ ದೀಕ್ಷೆಯಲ್ಲಿ ಗುರುವಿನ ಹೆಸರನ್ನೇ ಹೊಂದಿ ಹೆರ್ಮನ್ ಆನಂದರಾಯ ಕೌಂಡಿನ್ಯನೆನಿಸಿಕೊಂಡನು. ಗುರುವು ಆತನನ್ನು ಮಗನಂತೆಯೇ ಸ್ವೀಕರಿಸಿದರು. 1846ರಲ್ಲಿ ಸ್ವದೇಶಕ್ಕೆ ಹೋಗುವಾಗ ಸಂಗಡ ಕರೆದುಕೊಂಡು ಹೋದರು. ಬಾಸೆಲಿನ ಸೆಮಿನರಿಯಲ್ಲಿ ಜರ್ಮನ್ ಹುಡುಗರು ಕಲಿಯುವದನ್ನೇ ಅವರ ಸಾಲಿನಲ್ಲಿಯೇ ಕುಳಿತು ಕೌಂಡಿನ್ಯರು ಕಲಿತರು. 1851ರಲ್ಲಿ ಅವರಿಗೆ ಬೋಧಕಾಭಿಷೇಕವಾಯಿತು. ಬಾಸೆಲ್ ಮಿಶನ್ನಿನಲ್ಲಿ ಹಿಂದುಸ್ಥಾನದವರಿಗೆ ಇದು ಮೊದಲನೆಯದು. ಹಿಂದಿರುಗಿ ಬಂದವರು ಸಹಾಯಕರಾಗಿ ಬಾರದೆ ಮಿಶನರಿಯಾಗಿಯೇ ಬಂದರು. ಇದನ್ನು ನಾವು ವಿಶೇಷವಾಗಿ ಗಮನಿಸುತ್ತೇವೆ. ಸಭೆಯೊಳಗೆ ಯಾರನ್ನು ಮುಂದೆ ಕೂಡ್ರಿಸಿದರೂ ತಮ್ಮ ಕುರ್ಚಿಯು ಅಲುಗಾಡುವದೆಂದು ಹೆದರುವ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ! ಹದಿನೈದು ವರ್ಷ ಸಭೆಯ ಲೆಕ್ಕದ ಪುಸ್ತಕವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ ಒಬ್ಬ ಪಂಚನನ್ನು ನಾವು ಬಲ್ಲೆವು. ಪ್ರಾಮಾಣಿಕನೇ, ಒಂದು ದುಡ್ಡನ್ನೂ ಮುಟ್ಟಿದವನಲ್ಲ. ಆದರೆ ಆತನು ತೀರಿಕೊಂಡ ಮೇಲೆ ಆ ಪುಸ್ತಕವನ್ನು ಓದಿ ಅರ್ಥಮಾಡುವವನು ಆ ಸಭೆಯಲ್ಲಿ ಒಬ್ಬನೂ ಇರಲಿಲ್ಲ.

ಹೊಟ್ಟೆಯ ವಿಷಯವನ್ನೂ ಇಲ್ಲಿ ಹೇಳಿಬಿಡುವದು ಒಳ್ಳೇದು. ಜಾತಿಯಿಂದ ಹೊರಗಾದವನಿಗೆ ಕಸಬು ತಪ್ಪುತ್ತಿತ್ತು. ಒಡೆಯನು ಹೊಲವನ್ನು ಕಸಿದುಕೊಳ್ಳುತ್ತಿದ್ದನು. ಮಂಗಳೂರಿನ ಮಿಶನ್ನಿನವರು ಇದಕ್ಕಾಗಿ ಮೊದಲು ನೇಯ್ಗೆಯನ್ನೂ, 1865ರಿಂದ ಪ್ಲೆಬ್‌ಸ್ಟ್ ಎಂಬವರ ಕೈಯಿಂದ ಹಂಚಿನ ಕಾರಖಾನೆಯನ್ನೂ ನಡಿಸಿದರು. ಮಂಗಳೂರು ಹಂಚು ನಮ್ಮ ನಿಪ್ಪಾಣಿಯ ತಂಬಾಕಿನ ವಖಾರಗಳ ಮೇಲೆ ಕೂಡ ಕೂತಿದ್ದುದನ್ನು ಕಂಡವರು ನಾವು. ಕೆಲಸವು ಜನರನ್ನು ಬದುಕಿಸಿತು. ಆದರೂ ಮಿಶನ್ನೇ ಸಭೆಯೂ ಆಗಿ, ಮಿಶನ್ನೇ ಒಡೆಯನೂ ಆದರೆ, ಕೂಲಿಯ ತಕರಾರು ಸಭೆಯ ತಕರಾರಾಗುವದು. ಈ ಗಂಟು ಅಲ್ಲಿ ಕೊನೆಯ ವರೆಗೂ ಪೂರ್ತಿಯಾಗಿ ಬಿಚ್ಚಲಿಲ್ಲ.

ಇನ್ನು ಪತ್ರಿಕೆ. 1843ನೇ ಜುಲೈ 1ರಂದು ಮಂಗಳೂರ ಸಮಾಚಾರವು ಕಲ್ಲಚ್ಚಿನಲ್ಲಿ ಹೊರಟಿತು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಅದರಲ್ಲಿ ಉಪದೇಶ ಮಾತ್ರವೇ ಇರಲಿಲ್ಲ. ಊರ ವರ್ತಮಾನ, ಸರಕಾರದ ಕಾನೂನು, ದೇಶಾಂತರದ ಸುದ್ದಿ, ಗಾದೆ, ಕಥೆ, ಹಾಡು ಇವೆಲ್ಲವೂ ಇದ್ದವು. ಎಲ್ಲಾ ಮತದವರೂ ಓದಲೆಂದೇ ಹಾಗೆ ಮಾಡಿದರು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ಮೊಳೆಯಚ್ಚಿನಲ್ಲಿ ಕನ್ನಡ ಸಮಾಚಾರವೆಂಬ ಹೆಸರಿನಿಂದ ಬಂತು. ಹೆಚ್ಚು ದಿನ ಬಾಳಲಿಲ್ಲ. ಒಂದು ವರ್ಷದೊಳಗೆ ನಿಂತುಹೋಗುವ ಪತ್ರಿಕೆಯೂ ನೂರೆಂಬತ್ತು ವರ್ಷಗಳ ಮೇಲೆ ನೆನಪಾಗುವದುಂಟೆಂದು ನಮ್ಮಂಥ ಚಿಕ್ಕ ಮಾಸಪತ್ರಿಕೆಯವರಿಗೆ ಸಮಾಧಾನ!

ಇದಕ್ಕಿಂತಲೂ ದೊಡ್ಡ ಕೆಲಸವನ್ನು 1848ರಿಂದ 1853ರ ವರೆಗೆ ಮಾಡಿದರು. ತಾಳೆಗರಿಗಳಲ್ಲಿ ಚದರಿಹೋಗಿದ್ದ ಹಳೇ ಕನ್ನಡ ಗ್ರಂಥಗಳನ್ನು ಕೂಡಿಸಿ, ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಅಚ್ಚು ಹಾಕಿಸಿದರು. ನೀಲಗಿರಿಯಲ್ಲಿ ವಾಸವಾಗಿದ್ದ ಕಾಸಮೈಯರ್ ಎಂಬ ನಿವೃತ್ತ ನ್ಯಾಯಾಧೀಶರು ಇದಕ್ಕೆ ಹಣ ಕೊಟ್ಟರು. ಮೊಗ್ಲಿಂಗರ ಬಂಧುವೂ ಕನ್ನಡದಲ್ಲಿ ಪಾರಂಗತರೂ ಆದ ವೈಗ್ಲೆ ಅಯ್ಯನವರು ಜತೆಗಿದ್ದರು. ಹೊರಬಂದ ಗ್ರಂಥಗಳು ಯಾವವು? ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು ಮುಂತಾದವು. ಒಬ್ಬ ಕ್ರೈಸ್ತ ಬೋಧಕನು ಬಸವ ಪುರಾಣವನ್ನೇಕೆ ಅಚ್ಚು ಹಾಕಿಸಬೇಕೆಂದು ಆಗಲೂ ಕೇಳಿದವರಿದ್ದರು. ಈಗಲೂ ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರು. ನೆರೆಯವರು ಯಾವ ಮಾತಿಗೆ ಅಳುತ್ತಾರೆ, ಯಾವ ಮಾತಿಗೆ ತಲೆದೂಗುತ್ತಾರೆ ಎಂಬದನ್ನು ಅರಿಯದವನು ಅವರೊಂದಿಗೆ ಮಾತಾಡುವದಾದರೂ ಹೇಗೆ? ಅಥಣಿಯ ಮುರುಘೇಂದ್ರ ಶಿವಯೋಗಿಗಳನ್ನು ಆ ಊರಿನವರು ಇಂದಿಗೂ ಎಷ್ಟು ಭಕ್ತಿಯಿಂದ ನೆನೆಯುತ್ತಾರೆಂಬದನ್ನು ಅಲ್ಲಿಯ ನಮ್ಮ ಸಹೋದರರು ಬಲ್ಲರು. ಆ ಶಿವಯೋಗಿಗಳು ಹುಟ್ಟಿದ್ದು 1836ರಲ್ಲಿ, ಮೊಗ್ಲಿಂಗರು ಈ ದೇಶಕ್ಕೆ ಬಂದ ವರ್ಷವೇ. ನೆರೆಯವನ ಪೂಜ್ಯರನ್ನು ಹೀಯಾಳಿಸಿ ಕಟ್ಟಿದ ಸಭೆಯು ಎಲ್ಲಿಯೂ ಬಹಳ ಕಾಲ ನಿಂತದ್ದನ್ನು ನಾವು ಕಾಣಲಿಲ್ಲ. 1858ರಲ್ಲಿ ಟ್ಯೂಬಿಂಗನ್ ವಿದ್ಯಾಪೀಠವು ಇವರ ಕನ್ನಡ ಸೇವೆಗಾಗಿ ಇವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು.

ಇವರಲ್ಲಿ ಕುಂದುಗಳಿರಲಿಲ್ಲವೆಂದು ಬರೆದರೆ ಸುಳ್ಳಾಗುವದು. ಆತುರದ ಸ್ವಭಾವ, ಒಂದು ಹೊಸ ಕೆಲಸವು ಕಣ್ಣಿಗೆ ಬಿದ್ದರೆ ಹಳೆಯದು ಅರ್ಧದಲ್ಲಿರುವಾಗಲೇ ಓಡುವರು. ಬಾಸೆಲಿನಲ್ಲಿದ್ದ ಕಮಿಟಿಯವರೊಂದಿಗೆ ಅನೇಕ ಸಾರಿ ವಾದವಾಯಿತು. ದೂರದಲ್ಲಿ ಕುಳಿತು ಆಳುವವರಿಗೂ ಸ್ಥಳದಲ್ಲಿ ಬೆವರು ಸುರಿಸುವವರಿಗೂ ಬರುವ ವಾದವೇ ಅದು. 1852ರ ಕೊನೆಯ ಹೊತ್ತಿಗೆ ಮೊಗ್ಲಿಂಗರು ದಣಿದಿದ್ದರು. ಸ್ವದೇಶಕ್ಕೆ ಹಿಂದಿರುಗುವದೆಂದು ನಿಶ್ಚಯಿಸಿ ಸಿದ್ಧರಾಗಿದ್ದರು. ಅಷ್ಟರಲ್ಲಿ ಒಬ್ಬ ಮನುಷ್ಯನು ಕೊಡಗಿನಿಂದ ಘಟ್ಟವಿಳಿದು ಮಂಗಳೂರಿಗೆ ಬಂದನು.

ಆತನ ಹೆಸರು ಆಲ್ಮಂಡ ಸೋಮಯ್ಯ. ಕೊಡವರ ಕುಲದವನು. ಸುವಾರ್ತೆಯನ್ನು ಕೇಳಿ, ನಂಬಿ, ದೀಕ್ಷಾಸ್ನಾನದಲ್ಲಿ ಸ್ತೆಫನನೆಂಬ ಹೆಸರನ್ನು ಹೊಂದಿದನು. ಮಂಗಳೂರಿನಲ್ಲಿಯೇ ಉಳಿದಿದ್ದರೆ ಆತನಿಗೆ ತೊಂದರೆಯಿರಲಿಲ್ಲ. ಆದರೆ ಆತನು ತನ್ನ ಹೆಂಡತಿ ಮಕ್ಕಳ ಬಳಿಗೆ, ತನ್ನ ಮನೆತನದ ನೆಲಕ್ಕೆ ಹಿಂದಿರುಗಬೇಕೆಂದನು. ಒಬ್ಬನೇ ಹೋದರೆ ಏನಾಗುವದೆಂಬದು ಎಲ್ಲರಿಗೂ ಗೊತ್ತಿತ್ತು. ಮೊಗ್ಲಿಂಗರು ಹಡಗಿನ ಕಡೆಗೆ ಇಟ್ಟಿದ್ದ ಮುಖವನ್ನು ತಿರುಗಿಸಿ, ಬಾಸೆಲಿನ ಅಪ್ಪಣೆಯನ್ನು ಕಾಯದೆ, 1853ರಲ್ಲಿ ಆತನ ಸಂಗಡ ಘಟ್ಟವನ್ನು ಹತ್ತಿದರು. ಒಬ್ಬನಿಗಾಗಿ ಹೋದರು. ಮಾಲಸಮುದ್ರದಲ್ಲಿ ಸಾವಿರವನ್ನು ಎಣಿಸಿದ ಅದೇ ಮನುಷ್ಯನು ಈಗ ಒಂದನ್ನು ಎಣಿಸಿದನು.

ಆಲ್ಮಂಡ ಮನೆತನದವರು ಸೋಮಯ್ಯನನ್ನು ಒಳಗೆ ಬರಗೊಡಲು ಒಪ್ಪಲಿಲ್ಲ. ಮೊಗ್ಲಿಂಗರು ಆತನ ಮಗ್ಗುಲಲ್ಲಿ ನಿಂತರು. ಆತನ ಕಷ್ಟದ ದಿನಗಳನ್ನು ತಮ್ಮ ದಿನಗಳನ್ನಾಗಿ ಮಾಡಿಕೊಂಡರು. ಕೊಡಗಿನಲ್ಲಿಯೇ ನೆಲೆನಿಂತು ಆ ದೇಶದ ಚರಿತ್ರೆ, ನಡೆನುಡಿಗಳನ್ನೆಲ್ಲಾ ಕಲಿತು 1855ರಲ್ಲಿ ಅದರ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು. ಕೊಡವರು ಮಂದೆಮಂದೆಯಾಗಿ ಸೋಮಯ್ಯನ ಹಿಂದೆ ಬರುವರೆಂದು ಮೊಗ್ಲಿಂಗರು ಹಾರೈಸಿದ್ದರೆ ಆ ಹಾರೈಕೆಯು ಕೈಗೂಡಲಿಲ್ಲ. ಬಂದವರು ಬೇರೆಯವರು.

ಕೊಡಗಿನ ಹೊಲಗದ್ದೆಗಳಲ್ಲಿ ಹೊಲೆಯರೆಂದು ಆಗ ಕರೆಯಲ್ಪಡುತ್ತಿದ್ದ ಜನರು ತಲೆತಲಾಂತರದಿಂದ ಜೀತದಲ್ಲಿದ್ದರು. ಕೆಲವರು ಭೂಮಿಗೆ ಅಂಟಿಕೊಂಡವರು. ಭೂಮಿಯು ಯಾರ ಕೈಗೆ ಹೋದರೂ ಎತ್ತುಗಳಂತೆ ಅವರೂ ಅದರ ಸಂಗಡ ಹೋಗಬೇಕು. ಇನ್ನು ಕೆಲವರು ಒಡೆಯನ ಮನೆತನಕ್ಕೆ ಅಂಟಿಕೊಂಡವರು. 1843ರ ಐದನೇ ಕಾನೂನಿನಿಂದ ಕುಂಪಣಿ ಸರಕಾರವು ಗುಲಾಮಗಿರಿಗೆ ನ್ಯಾಯಾಲಯದ ಆಸರೆಯನ್ನು ತಪ್ಪಿಸಿತ್ತು. ಆದರೆ ಕಾನೂನು ಕಾಗದದ ಮೇಲಿತ್ತು, ಹೊಟ್ಟೆಯು ಒಡೆಯನ ಕೈಯಲ್ಲಿತ್ತು. ಈ ಮಾತನ್ನು ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಾಲಕ್ಕಾಗಿ ಮಗನನ್ನು ವರ್ಷಗಟ್ಟಲೆ ಆಳಾಗಿ ಇಟ್ಟ ಮನೆಗಳ ಮೊಮ್ಮಕ್ಕಳೇ ಈ ಪುಟವನ್ನು ಓದುತ್ತಿರಬಹುದು. ಇಂಥ ಜನರಲ್ಲಿ ಕೆಲವು ಕುಟುಂಬಗಳು ಮೊಗ್ಲಿಂಗರ ಬಳಿಗೆ ಬಂದವು. ಕೊಡವರಿಗಾಗಿ ಬಂದವರು ಜೀತದವರನ್ನು ಮುಟ್ಟಿದರೆ ಕೊಡವರು ಇನ್ನೆಂದಿಗೂ ಬಾರರೆಂದು ಬುದ್ಧಿ ಹೇಳತಕ್ಕವರು ಯಾವ ಕಾಲದಲ್ಲಿಯೂ ಇರುತ್ತಾರೆ. ಲೋಕದ ಲೆಕ್ಕದಿಂದ ಅದು ಸರಿಯಾದ ಬುದ್ಧಿಯೇ. ಮೊಗ್ಲಿಂಗರು ಬಾಗಿಲನ್ನು ಮುಚ್ಚಲಿಲ್ಲ.

ಆದರೆ ಬಂದವರನ್ನು ಒಡೆಯರ ಭೂಮಿಯಲ್ಲಿಯೇ ಬಿಟ್ಟರೆ ಅವರು ಬದುಕುವದು ಹೇಗೆ? ಸಿದ್ದಾಪುರದ ಬಳಿಯಲ್ಲಿ ಭೂಮಿಯನ್ನು ಸಂಪಾದಿಸಿ ಅಲ್ಲಿ ಅವರಿಗಾಗಿ ಒಂದು ಹೊಸ ಊರನ್ನು ಕಟ್ಟಿದರು. ಅದಕ್ಕೆ ಆನಂದಪುರವೆಂದು ಹೆಸರಾಯಿತು. ಕೌಂಡಿನ್ಯರೂ ಈ ಕೆಲಸಕ್ಕೆ ಹೆಗಲು ಕೊಟ್ಟರು. ವಾಚಕರೇ, ಸ್ವಲ್ಪ ನಿಂತು ಇದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಸಾರಸ್ವತ ಬ್ರಾಹ್ಮಣನಾಗಿ ಹುಟ್ಟಿದವನು, ಭೂಮಿಯೊಂದಿಗೆ ಕೈಬದಲಾಗುತ್ತಿದ್ದ ಜನರ ಊರಿನ ಭಾರವನ್ನು ಹೊರುತ್ತಾನೆ. ನೂರು ಸಾರಿ ಸಮಾನತೆಯ ಪ್ರಸಂಗವನ್ನು ಮಾಡಿದ್ದರೂ ಇಷ್ಟು ಆಗುತ್ತಿರಲಿಲ್ಲ. ಬಲ್ಮಠದ ಅನ್ನದ ಗುಡಾಣವೇ ಇದನ್ನು ಮಾಡಿತೆಂದು ನಾವು ನೆನಸುತ್ತೇವೆ. ಹದಿನಾರು ಹದಿನೇಳು ವರ್ಷದ ಪ್ರಾಯದಲ್ಲಿ ಯಾರ ಮಗ್ಗುಲಿಗೆ ಕುಳಿತು ಉಣ್ಣಲು ಕಲಿತರೋ ಅವರ ಮಗ್ಗುಲಿಗೆ ನಾಲ್ವತ್ತು ವರ್ಷದ ಪ್ರಾಯದಲ್ಲಿ ದುಡಿಯಲು ಸಂಕೋಚವಿರದು. ನಮ್ಮ ಸಭೆಗಳಲ್ಲಿ ಇದು ತಿರುಗುಮುರುಗಾಗಿದೆ: ಮೊದಲು ದೊಡ್ಡವರೆಲ್ಲರೂ ಒಪ್ಪಲಿ, ಆಮೇಲೆ ಮಕ್ಕಳನ್ನು ಒಟ್ಟಿಗೆ ಕೂಡ್ರಿಸೋಣವೆನ್ನುತ್ತೇವೆ. ದೊಡ್ಡವರು ಒಪ್ಪುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿರುತ್ತಾರೆ.

ಆನಂದಪುರವು ಹೆಸರಿಗೆ ತಕ್ಕಂತೆ ಬರೇ ಆನಂದದ ಊರಾಗಿತ್ತೆಂದು ಯಾರೂ ತಿಳಿಯಬಾರದು. ಒಡೆಯನು ಹೇಳಿದಾಗ ಏಳುವದು, ಒಡೆಯನು ಕೊಟ್ಟಾಗ ಉಣ್ಣುವದು, ಇಷ್ಟನ್ನೇ ಅರಿತವರಿಗೆ ತಮ್ಮ ಬೀಜವನ್ನು ತಾವೇ ಎತ್ತಿಡುವದನ್ನು ಕಲಿಸುವದು ಒಂದು ಮಳೆಗಾಲದ ಕೆಲಸವಲ್ಲ. ಹಣದ ಭಾರವೂ ಇತ್ತು. ಮಿಶನ್ನಿನ ಭೂಮಿಯಲ್ಲಿ ಮಿಶನ್ನನ್ನೇ ಹೊಸ ಒಡೆಯನೆಂದು ತಿಳಿಯುವ ಅಪ್ಪಾಯವೂ ಇತ್ತು. ಹಂಚಿನ ಕಾರಖಾನೆಯ ವಿಷಯದಲ್ಲಿ ನಾವು ಹೇಳಿದ ಗಂಟೇ ಇಲ್ಲಿಯೂ ಇತ್ತು. ಸಭೆಯನ್ನು ಲೋಕದಿಂದ ಬೇರ್ಪಡಿಸಿ ಒಂದು ಪ್ರತ್ಯೇಕವಾದ ಊರನ್ನು ಕಟ್ಟುವದು ಒಳ್ಳೇದೋ, ಇದ್ದ ಊರಿನಲ್ಲಿಯೇ ನೆರೆಯವರ ನಡುವೆ ಹುಳಿಹಿಟ್ಟಿನಂತೆ ಇರುವದು ಒಳ್ಳೇದೋ ಎಂಬ ವಿಷಯದಲ್ಲಿ ನಮಗೆ ಈಗಲೂ ಸಂದೇಹವುಂಟು. ನಮ್ಮ ಐದು ತಾಲೂಕುಗಳ ಸಭೆಗಳು ಬಹುಮಟ್ಟಿಗೆ ಎರಡನೆಯ ದಾರಿಯಲ್ಲಿಯೇ ಇವೆ. ಅದೇ ಬಾವಿ, ಅದೇ ಸಂತೆ, ಅದೇ ಕಬ್ಬಿನ ಗದ್ದೆ. ಆದರೆ ಜೀತದಲ್ಲಿದ್ದವನಿಗೆ ಆ ದಿನ ಮೊದಲನೆಯ ದಾರಿಯ ಹೊರತು ಬೇರೆ ದಾರಿಯಿತ್ತೇ? ಸುರಕ್ಷಿತವಾಗಿ ಕುಳಿತ ನಾವು ಈಗ ತೀರ್ಪು ಕೊಡುವದು ಅಷ್ಟು ಸುಲಭವಲ್ಲ.

ಈ ನಡುವೆ 1855ರಲ್ಲಿ ವೈಗ್ಲೆ ಅಯ್ಯನವರು ಮಂಗಳೂರಿನಲ್ಲಿ ತೀರಿಕೊಂಡರು. ಕನ್ನಡ ಸತ್ಯವೇದದ ಭಾಷೆಯನ್ನು ತಿದ್ದಿ ಹಸನುಪಡಿಸುವದರಲ್ಲಿ ಅವರು ತಮ್ಮ ಆರೋಗ್ಯವನ್ನು ಕಳಕೊಂಡಿದ್ದರು. ಅವರ ವಿಧವೆಯಾದ ಪೌಲಿನೆ ಅಮ್ಮನವರನ್ನು ಮೊಗ್ಲಿಂಗರು ಆಮೇಲೆ ಮದುವೆಯಾಗಿ, ಗೆಳೆಯನ ಮಕ್ಕಳಿಗೆ ತಂದೆಯಾದರು. ಅಷ್ಟು ವರ್ಷ ಮನೆಯಿಲ್ಲದವರಿಗೆ ಮನೆಯಾಗಿದ್ದವರು ಈಗ ತಾವೂ ಒಂದು ಮನೆಯುಳ್ಳವರಾದರು. ಆದರೆ ಅಮ್ಮನವರ ದೇಹಸ್ಥಿತಿಯು ಕೆಟ್ಟದ್ದರಿಂದ 1860ರಲ್ಲಿ ಈ ದೇಶವನ್ನು ಬಿಡಬೇಕಾಯಿತು. ಪುನಃ ಬರುವದಕ್ಕೆ ಆಗಲಿಲ್ಲ.

ಸ್ವದೇಶದಲ್ಲಿ ಇಪ್ಪತ್ತೊಂದು ವರ್ಷ ಬದುಕಿದರು. ಆ ಕಾಲದಲ್ಲಿ ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸುತ್ತಾ ಕುಳಿತರೆಂಬದನ್ನು ಓದುವಾಗ ನಮಗೆ ಒಂದು ಚಿತ್ರವು ಕಣ್ಣಿಗೆ ಕಟ್ಟುತ್ತದೆ. ಹೊರಗೆ ಹಿಮ ಬೀಳುತ್ತಿದೆ. ಒಳಗೆ ಒಲೆಯ ಬಳಿಯಲ್ಲಿ ಒಬ್ಬ ಮುದುಕನು ಪುರಂದರದಾಸರ ಒಂದು ಕನ್ನಡ ಶಬ್ದಕ್ಕೆ ಸರಿಯಾದ ಜರ್ಮನ್ ಶಬ್ದವನ್ನು ಹುಡುಕುತ್ತಿದ್ದಾನೆ. ಕನ್ನಡವನ್ನು ಈ ಜನರಿಗೆ ಏನನ್ನೋ ಹೇಳುವದಕ್ಕಾಗಿ ಮಾತ್ರವೇ ಕಲಿತವನಾಗಿದ್ದರೆ ಹಡಗು ಹತ್ತಿದ ದಿನವೇ ಅದನ್ನು ಮರೆತುಬಿಡುತ್ತಿದ್ದನು.

ಸುಗ್ಗಿಯ ಊಟದ ಆ ಗ್ರಾಮಕ್ಕೆ ನಾವು ಇನ್ನೂ ಮತ್ತೆ ಹೋಗಿಲ್ಲ. ಹೋಗುವದುಂಟು, ತಲೆನೋವಿನ ನೆವವನ್ನು ಈ ಸಾರಿ ಹೇಳಲಾರೆವು. ಆ ಸಭೆಯ ಇಬ್ಬರು ಯುವಕರು, ಒಬ್ಬನು ಗೋಡೆಯ ಮಗ್ಗುಲಿನವನು, ಇನ್ನೊಬ್ಬನು ಬೇವಿನ ಮರದ ಕಡೆಯವನು, ರಾಯಬಾಗದಲ್ಲಿ ಒಂದೇ ಕೋಣೆಯಲ್ಲಿದ್ದು ಓದುತ್ತಿದ್ದಾರೆಂದೂ, ಒಬ್ಬನು ರೊಟ್ಟಿ ಬಡಿದರೆ ಇನ್ನೊಬ್ಬನು ಪಲ್ಯ ಮಾಡುತ್ತಾನೆಂದೂ ಈಚೆಗೆ ಕೇಳಿದೆವು. ಊರಿಗೆ ಬಂದಾಗ ಅವರು ಎಲ್ಲಿ ಕೂಡ್ರುತ್ತಾರೋ ತಿಳಿಯದು.

ಮೊಗ್ಲಿಂಗ್ ಅಯ್ಯನವರು 1881ನೇ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಎಪ್ಪತ್ತು ವರ್ಷ ತುಂಬುವದಕ್ಕೆ ಹತ್ತೊಂಬತ್ತು ದಿನಗಳು ಉಳಿದಿದ್ದವು. ಅವರ ಹೆಸರನ್ನು ಹೊತ್ತಿದ್ದ ಹೆರ್ಮನ್ ಆನಂದರಾಯ ಕೌಂಡಿನ್ಯರು ಮತ್ತೆ ಹನ್ನೆರಡು ವರ್ಷ, 1893ರ ವರೆಗೆ, ಬದುಕಿದ್ದರು.